ಹೈಡ್ರೋಜನ್ನಿನ ಹಸಿರು ದಿಬ್ಬ

ಕುಣಿಗಲ್,
೧೧ ನವೆಂಬರ್ ೨೦೨೪

ಪ್ರಿಯ ಸಾದಿಯಾ,

ಆಶೀರ್ವಾದ. ಡಾಕ್ಟರ್ ಸಾದಿಯಾ ಎಂದು ಬರೆಯಬೇಕಿತ್ತು. ಆದರೆ ನನ್ನ ಲ್ಯಾಬಿನಲ್ಲಿ ಸೋಡಿಯಂ ದೀಪ ಒಡೆದು ಅಳುತ್ತಾ ನಿಂತಿದ್ದವಳನ್ನು ಡಾಕ್ಟರ್ ಎನ್ನಲು ನನಗೆ ಇನ್ನೂ ಬಾಯಿ ಬರುವುದಿಲ್ಲ. ಕಾಗದ ನೋಡಿ ಗಾಬರಿಯಾಗಬೇಡ. ಆರೋಗ್ಯ ಚೆನ್ನಾಗಿದೆ, ಕಿವಿ ಮಾತ್ರ ಕೈಕೊಟ್ಟಿದೆ. ಫೋನಿನಲ್ಲಿ ನೀನೊಂದು ಹೇಳಿ ನಾನೊಂದು ಕೇಳಿಸಿಕೊಳ್ಳುವುದು ಬೇಡ. ಅಲ್ಲದೆ ಇದು ಬಾಯಿಮಾತಿನಲ್ಲಿ ಮುಗಿಯುವ ವಿಷಯವೂ ಅಲ್ಲ. ಬರೆದದ್ದಕ್ಕೆ ನಾವಿಬ್ಬರೂ ಬದ್ಧರಾಗಿರಬೇಕು.

ರಿಟೈರ್ ಆದ ಮೇಲೆ ನಾನು ಮನೆಯ ಹಿಂದಿನ ರೂಮಿನಲ್ಲಿ ಏನೋ ಮಾಡುತ್ತಿದ್ದೇನೆಂದು ನಿನ್ನ ಕಿವಿಗೂ ಬಿದ್ದಿರಬೇಕು. ನಮ್ಮ ಕಾಲೇಜಿನ ಕೆಮಿಸ್ಟ್ರಿ ಚನ್ನಬಸವಯ್ಯ ಅದನ್ನು ತುಮಕೂರಿಗೆಲ್ಲ ಹಂಚಿದ್ದಾನೆ. ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಇಳಿಯುವಾಗ ಬೆಳಕು ಬಿಡುತ್ತದೆ, ಕೊನೆಯ ಮೆಟ್ಟಿಲಿಗೆ ಬಂದರೆ ಅಲ್ಲಿಗೆ ಮುಗಿಯಿತು ಎಂದು ನಾನೇ ನಿಮಗೆ ಪಾಠ ಮಾಡಿದ್ದೆ. ಅದರ ಕೆಳಗೂ ಒಂದು ಮೆಟ್ಟಿಲಿದೆ, ಕಲ್ಯಾಣಿಯಲ್ಲಿ ನೀರಿನ ಕೆಳಗೆ ಕಾಣದೆ ಇರುವ ಮೆಟ್ಟಿಲಿನ ಹಾಗೆ, ಎಂದು ಹೊರದೇಶದ ಕೆಲವರು ವಾದಿಸುತ್ತಾರೆ. ಅಲ್ಲಿಗೆ ಇಳಿಸಿದರೆ ಒಂದು ಲೋಟ ನೀರಿನಲ್ಲಿ ಒಂದು ಮನೆ ನಡೆಯುವಷ್ಟು ಶಕ್ತಿ ಸಿಗುತ್ತದಂತೆ. ದೊಡ್ಡ ವಿಜ್ಞಾನಿಗಳು ಯಾರೂ ಇದನ್ನು ಒಪ್ಪುವುದಿಲ್ಲ. ನಾನೂ ಒಪ್ಪಿರಲಿಲ್ಲ.

ಆದರೆ ನನ್ನ ಕೊಳವೆ ಬೇರೆ ಮಾತು ಹೇಳುತ್ತಿದೆ. ಹೈಡ್ರೋಜನ್ ತುಂಬಿ ವಿದ್ಯುತ್ ಹರಿಸಿದರೆ ಕೆಂಪು, ನೀಲಿ, ನೇರಳೆ ಗೆರೆಗಳು ಬರಬೇಕಾದ ಕಡೆಯೇ ಬರುತ್ತವೆ. ಆದರೆ ಹಸಿರಿನ ಜಾಗದಲ್ಲಿ, ಸಣ್ಣಪುಟ್ಟ ಗೆರೆಗಳನ್ನು ಬಿಟ್ಟರೆ ಏನೂ ಇರಬಾರದ ಕಡೆ, ಮಂದವಾದ ಒಂದು ಬೆಳಕು ನಿಂತಿರುತ್ತದೆ. ನನ್ನ ಲೆಕ್ಕದ ಪ್ರಕಾರ ಆ ಕೆಳಗಿನ ಮೆಟ್ಟಿಲಿನ ಗುರುತು ಬರಬೇಕಾದದ್ದೂ ಅಲ್ಲಿಯೇ. ಒಂಬತ್ತು ವರ್ಷದಿಂದ ಅದನ್ನು ನೋಡುತ್ತಿದ್ದೇನೆ.

ನಿನ್ನ ಹತ್ತಿರ ಒಳ್ಳೆಯ ಸ್ಪೆಕ್ಟ್ರೋಮೀಟರ್ ಇದೆ, ಅದಕ್ಕಿಂತ ಒಳ್ಳೆಯ ಕಣ್ಣಿದೆ. ನನ್ನ ಸಾಕ್ಷ್ಯವನ್ನು ತೂಕ ಹಾಕಿ ಹೇಳುತ್ತೀಯಾ? ಹೊಗಳುವವರು ನನಗೆ ಬೇಕಾಗಿಲ್ಲ, ಅದಕ್ಕೆ ನಾನೊಬ್ಬನೇ ಸಾಕು.

ಇಂತಿ, ಉತ್ತರ ಕಾಯುವ ನಿನ್ನ ಮೇಷ್ಟ್ರು,
ಲಕ್ಷ್ಮೀನರಸಿಂಹಯ್ಯ


ಕ್ಯಾತ್ಸಂದ್ರ, ತುಮಕೂರು,
೨೦ ನವೆಂಬರ್ ೨೦೨೪

ಪೂಜ್ಯ ಸರ್,

ನಮಸ್ಕಾರ. ಮೊದಲಿಗೆ ಒಂದು ತಿದ್ದುಪಡಿ. ಸೋಡಿಯಂ ದೀಪ ಒಡೆದದ್ದು ನನ್ನ ಜೊತೆ ಓದುತ್ತಿದ್ದ ದೀಪಿಕಾ. ನಾನು ಪಕ್ಕದಲ್ಲಿ ನಿಂತು ಅತ್ತವಳು ಮಾತ್ರ. ಇಪ್ಪತ್ತೊಂದು ವರ್ಷದಿಂದ ಈ ಅಪವಾದ ಹೊತ್ತುಕೊಂಡಿದ್ದೇನೆ.

ನಿಮ್ಮ ಕಾಗದ ಬಂದ ದಿನ ಸ್ಟಾಫ್ ರೂಮಿನಲ್ಲಿ ಓದಿ, ಮನೆಗೆ ಬಂದು ಮತ್ತೆ ಓದಿದೆ. ನಿಮ್ಮಿಂದ ಕಲಿತದ್ದನ್ನೇ ದಿನಾ ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ನಿಮಗಾಗಿ ಏನಾದರೂ ಮಾಡುವ ಅವಕಾಶ ಈಗ ಬಂತಲ್ಲ ಎಂದು ಸಂತೋಷವೇ ಆಯಿತು. ಜೊತೆಗೆ ಭಯವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಕೊಳವೆಯನ್ನು ಕಳಿಸಿ. ಹೇಗೆ ಬಳಸುತ್ತೀರಿ, ಹೇಗೆ ಒರೆಸುತ್ತೀರಿ, ಯಾವಾಗ ರಜೆ ಕೊಡುತ್ತೀರಿ, ಎಲ್ಲ ಬರೆಯಿರಿ. ನನ್ನದೊಂದೇ ಷರತ್ತು. ಏನು ಕಂಡರೂ ಕಂಡ ಹಾಗೆಯೇ ಬರೆಯುತ್ತೇನೆ. ನೀವು ಬೇಸರ ಮಾಡಿಕೊಂಡರೂ ನನ್ನ ಮೇಲೆ ಸಿಟ್ಟಾಗಬಾರದು.

ನಿಮ್ಮ ವಿದ್ಯಾರ್ಥಿನಿ, ದೀಪ ಒಡೆಯದವಳು,
ಸಾದಿಯಾ


ಕುಣಿಗಲ್,
೨ ಡಿಸೆಂಬರ್ ೨೦೨೪

ಪ್ರಿಯ ಸಾದಿಯಾ,

ಷರತ್ತು ಒಪ್ಪಿದ್ದೇನೆ. ಬೇಸರವನ್ನೂ ಮಾಡಿಕೊಳ್ಳುವುದಿಲ್ಲ ಎಂದರೆ ಸುಳ್ಳಾದೀತು, ಅದು ನನ್ನ ಕೈಯಲ್ಲಿಲ್ಲ.

ಕೊಳವೆಯನ್ನು ಹತ್ತಿಯಲ್ಲಿ ಸುತ್ತಿ, ಹೊಸ ಟವೆಲಿನಲ್ಲಿ ಕಟ್ಟಿ, ತುಮಕೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದೇನೆ. "ಏನ್ ಸಾರ್ ಇದು, ಬಾಂಬಾ?" ಎಂದ. "ಬೆಳಕು ಕಣಪ್ಪಾ, ಹುಷಾರಾಗಿ ಹಿಡ್ಕೊ" ಎಂದೆ. ಮಡಿಲಲ್ಲೇ ಇಟ್ಟುಕೊಂಡು ಹೋಗಿರಬೇಕು.

ನನ್ನ ಕ್ರಮ ಹೀಗಿದೆ. ಶನಿವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಕೊಳವೆ ಹಚ್ಚುತ್ತೇನೆ. ಶುಕ್ರವಾರ ರಜೆ. ಅವತ್ತು ನಮ್ಮ ಮನೆಯಾಕೆ ಪುಟ್ಟಲಕ್ಷ್ಮಿಯ ದಿನ. ಹೊಸಿಲು, ಗ್ಯಾಸ್ ಒಲೆ, ಹೊಲಿಗೆ ಮೆಷಿನ್ನು, ಕೊನೆಗೆ ನನ್ನ ಯಂತ್ರ, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚುತ್ತಾಳೆ. ದೇವರಿಗೂ ನನಗೂ ಮಾತುಕತೆ ಇಲ್ಲವೆಂದು ನಿನಗೆ ಗೊತ್ತು. ಆದರೆ ನನ್ನ ಕೆಲಸವನ್ನು ಗೌರವದಿಂದ ನೋಡುವ ಒಬ್ಬಳೇ ಒಬ್ಬಳನ್ನು ಬೇಡವೆನ್ನಲು ನನಗೆ ಮನಸ್ಸು ಬರಲಿಲ್ಲ. ಶನಿವಾರ ಬೆಳಿಗ್ಗೆ, ಬೆಳಕು ಹೊರಬರುವ ಕೊಳವೆಯ ಕಿಟಕಿ ಗಾಜನ್ನೂ ಸೇರಿಸಿ ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಚೊಕ್ಕವಾಗಿ ಒರೆಸುತ್ತೇನೆ. ಒಂದು ಕಲೆ ಉಳಿಯುವುದಿಲ್ಲ.

ಸ್ವಾರಸ್ಯ ಏನೆಂದರೆ, ಶನಿವಾರವೇ ಹಸಿರು ಬೆಳಕು ಹೆಚ್ಚು. ದಿನ ಕಳೆದಂತೆ ಇಳಿದು ಗುರುವಾರಕ್ಕೆ ಮಂಕಾಗುತ್ತದೆ. ಒಂದು ದಿನದ ವಿಶ್ರಾಂತಿಯಲ್ಲಿ ಹೈಡ್ರೋಜನ್ ಕೊಳವೆಯೊಳಗಿನ ಲೋಹದಲ್ಲಿ ಇಂಗಿ ಮತ್ತೆ ಬಲ ತುಂಬಿಕೊಳ್ಳುತ್ತದೆ ಎಂಬುದು ನನ್ನ ವಿವರಣೆ. ಶಾಖ ಅಳೆಯಲು ಕೊಳವೆಯ ಸುತ್ತ ಇಟ್ಟ ನೀರು ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಕಾಯುವುದೂ ಉಂಟು. ಆದರೆ ಶಾಖದ ಲೆಕ್ಕದಲ್ಲಿ ನೂರು ತಕರಾರು ತೆಗೆಯಬಹುದು. ಬೆಳಕೇ ನನ್ನ ಸಾಕ್ಷಿ.

ಇಂತಿ,
ಲಕ್ಷ್ಮೀನರಸಿಂಹಯ್ಯ


ಕ್ಯಾತ್ಸಂದ್ರ,
೨೭ ಡಿಸೆಂಬರ್ ೨೦೨೪

ಪೂಜ್ಯ ಸರ್,

ಕೊಳವೆ ಕ್ಷೇಮವಾಗಿ ಬಂತು. ಟವೆಲ್ ತುಂಬಾ ಚೆನ್ನಾಗಿದೆ, ಹಿಂದಿರುಗಿಸುವುದಿಲ್ಲ.

ನೀವು ಹೇಳಿದ ಬೆಳಕು ಇದೆ. ನನ್ನ ಉಪಕರಣವೂ ಅದನ್ನು ಕಂಡಿತು. ಈ ಒಂದು ಸಾಲನ್ನು ಬರೆಯಲು ನನಗೆಷ್ಟು ಸಮಾಧಾನವಾಯಿತೆಂದು ನಿಮಗೆ ಹೇಳಲಾರೆ. ನೀವು ಇಲ್ಲದ್ದನ್ನು ಕಾಣುತ್ತಿಲ್ಲ.

ಇನ್ನು ಅನುಮಾನಗಳು. ಪರಮಾಣು ಬಿಡುವ ಬೆಳಕು ಗೆರೆಯಾಗಿ ಬೀಳುತ್ತದೆ, ಚಾಕುವಿನಿಂದ ಗೀರಿದ ಹಾಗೆ. ನಿಮ್ಮದು ಗೆರೆಯಲ್ಲ, ದಿಬ್ಬ. ನಿಧಾನವಾಗಿ ಏರುತ್ತದೆ, ಅಗಲವಾಗಿ ಹರಡಿ ನಿಧಾನವಾಗಿ ಇಳಿಯುತ್ತದೆ. ಹೈಡ್ರೋಜನ್ ಇಷ್ಟು ತೊದಲುವುದನ್ನು ನಾನು ಎಲ್ಲೂ ಕಂಡಿಲ್ಲ. ಎರಡನೆಯದು, ಹೈಡ್ರೋಜನ್ ತೆಗೆದು ಆರ್ಗಾನ್ ತುಂಬಿ ನೋಡಿದೆ. ದಿಬ್ಬ ಕುಗ್ಗಿತು, ಆದರೆ ಹೋಗಲಿಲ್ಲ. ಹೈಡ್ರೋಜನ್ನಿನ ಬೆಳಕಾಗಿದ್ದರೆ ಹೈಡ್ರೋಜನ್ ಹೋದ ಮೇಲೆ ಹೋಗಬೇಕಿತ್ತಲ್ಲ? ಮೂರನೆಯದು, ಇಲ್ಲಿಗೆ ಬಂದಾಗಿನಿಂದ ಅದು ದಿನೇ ದಿನೇ ಇಳಿಯುತ್ತಿದೆ. ವಿಶ್ರಾಂತಿ ಕೊಟ್ಟರೂ ಮೇಲೇಳುತ್ತಿಲ್ಲ.

ನನ್ನ ತಕ್ಕಡಿ ಇವತ್ತಿಗೆ ನಿಮ್ಮ ಕಡೆ ವಾಲಿಲ್ಲ ಸರ್. ಹಾಗೆಂದು ಮುಗಿಯಿತು ಎಂದೂ ಹೇಳುತ್ತಿಲ್ಲ. ಈ ದಿಬ್ಬ ಏನೆಂದು ನನಗೆ ಗೊತ್ತಿಲ್ಲ, ಗೊತ್ತಾಗುವವರೆಗೆ ಬಿಡುವುದೂ ಇಲ್ಲ.

ಪುಟ್ಟಲಕ್ಷ್ಮಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ತಕರಾರಿನ ವಿದ್ಯಾರ್ಥಿನಿ,
ಸಾದಿಯಾ


ಕುಣಿಗಲ್,
೬ ಜನವರಿ ೨೦೨೫

ಪ್ರಿಯ ಸಾದಿಯಾ,

ತೊದಲುತ್ತದಂತೆ! ನಿನ್ನ ಕಾಗದ ಓದಿ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಪುಟ್ಟಲಕ್ಷ್ಮಿ ಹುರುಳಿ ಬಸ್ಸಾರು ಮಾಡಿ ಸಮಾಧಾನ ಮಾಡಿದಳು.

ಈಗ ಉತ್ತರ. ಆರ್ಗಾನ್ ತುಂಬಿದರೂ ಲೋಹದಲ್ಲಿ ಇಂಗಿದ ಹೈಡ್ರೋಜನ್ ಎಲ್ಲಿ ಹೋಗುತ್ತದೆ? ಅದು ಮೆಲ್ಲಗೆ ಹೊರಬರುತ್ತದೆ, ಅದಕ್ಕೇ ಕುಗ್ಗಿದ ದಿಬ್ಬ. ಅಲ್ಲಿ ದಿನೇ ದಿನೇ ಇಳಿದದ್ದೂ ಅದಕ್ಕೇ. ಅಗಲವೇಕೆ ಎಂದು ಕೇಳಿದರೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ, ಒಪ್ಪುತ್ತೇನೆ. ನಿನ್ನದೇ ಹೊಸ ಕೊಳವೆಯಲ್ಲಿ, ನನ್ನ ಲೋಹವಿಲ್ಲದೆ, ನನ್ನ ಗಾಜಿಲ್ಲದೆ ಅದು ಬಂದರೆ ಆಗೇನು ಹೇಳುತ್ತೀ?

ಇನ್ನೊಂದು ವಿಷಯ. ಹಿರೇಹಳ್ಳಿಯಲ್ಲಿ ಬಾಯ್ಲರ್ ಮಾಡುವ ಸದಾಶಿವಯ್ಯ ನನ್ನ ಹಳೆಯ ವಿದ್ಯಾರ್ಥಿ. ಇದನ್ನಿಟ್ಟುಕೊಂಡು ಒಂದು ಬಾಯ್ಲರ್ ಕಟ್ಟುತ್ತೇನೆ, ಅದಕ್ಕೆ ನಿಮ್ಮ ಹೆಸರೇ ಇಡುತ್ತೇನೆ ಎನ್ನುತ್ತಿದ್ದಾನೆ. ಫೆಬ್ರವರಿ ಇಪ್ಪತ್ತೆಂಟು, ವಿಜ್ಞಾನ ದಿನದಂದು ನಮ್ಮ ಹಳೇ ಕಾಲೇಜಿನಲ್ಲಿ ನನ್ನ ಭಾಷಣ ಇಡಿಸಿದ್ದಾನೆ. ಚನ್ನಬಸವಯ್ಯನೂ ಅಲ್ಲಿರುತ್ತಾನೆ, ನಗುತ್ತಿದ್ದವರೆಲ್ಲ ಅಲ್ಲಿರುತ್ತಾರೆ. ಸ್ಪೆಕ್ಟ್ರೋಸ್ಕೋಪಿ ಓದಿದ ಒಬ್ಬರು 'ಹೌದು' ಎಂದು ಒಂದು ಸಾಲು ಬರೆದರೆ ಸಾಕು, ನಾನು ತಲೆಯೆತ್ತಿ ಆ ವೇದಿಕೆ ಹತ್ತುತ್ತೇನೆ. ನನಗೆ ಎಪ್ಪತ್ತೊಂದು ಕಣಮ್ಮ. ಇನ್ನೊಂದು ವೇದಿಕೆ ಸಿಗುವುದು ಕಷ್ಟ.

ಇಂತಿ,
ಲಕ್ಷ್ಮೀನರಸಿಂಹಯ್ಯ


ಕ್ಯಾತ್ಸಂದ್ರ,
೨೫ ಜನವರಿ ೨೦೨೫

ಪೂಜ್ಯ ಸರ್,

ತಡವಾಗಿದ್ದಕ್ಕೆ ಕ್ಷಮಿಸಿ, ಗುಬ್ಬಿಯಲ್ಲಿ ತಂಗಿ ಐಮನ್ ಮದುವೆಯ ಗಡಿಬಿಡಿ. ಅಬ್ಬಾ ಇಡೀ ಬೀದಿಗೆ ಬಿರಿಯಾನಿ ಬಡಿಸಿ ಈಗ ಮೊಣಕಾಲು ಹಿಡಿದುಕೊಂಡು ಕೂತಿದ್ದಾರೆ.

ಹಳದಿ ಶಾಸ್ತ್ರದ ಮರುದಿನ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಂಡು ಕಾಲೇಜಿಗೆ ಓಡಿಬಂದೆ. ಪ್ಯಾಕೆಟ್ ಒಡೆದು ಹೊಸ ಕೊಳವೆಯನ್ನು ನಾನೇ ಜೋಡಿಸಿದೆ. ನಿಮ್ಮ ಲೋಹ ಇಲ್ಲ, ನಿಮ್ಮ ಗಾಜಿಲ್ಲ. ಒರೆಸುವುದನ್ನೂ ನಿಮ್ಮ ಕ್ರಮದಲ್ಲೇ, ಸ್ಪಿರಿಟ್ಟಿನಲ್ಲೇ ಒರೆಸಿದೆ. ಹೈಡ್ರೋಜನ್ ತುಂಬಿದೆ. ಸ್ವಿಚ್ ಹಾಕಿದೆ.

ದಿಬ್ಬ ಬಂತು ಸರ್.

ನಿಮ್ಮದರಷ್ಟು ಎತ್ತರವಿಲ್ಲ, ಆದರೆ ಅದೇ ಜಾಗ, ಅದೇ ಅಗಲ, ಅದೇ ಇಳಿಜಾರು. ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ ಅಣ್ಣ ತಮ್ಮನ ಹಾಗೆ ಕಾಣುತ್ತವೆ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಮದುವೆ ಮನೆಗೆ ವಾಪಸು ಹೋದಾಗ ಅಮ್ಮಿ "ಏನಾಯ್ತೇ, ಮುಖ ಹಿಂಗ್ ಬೆಳಗ್ತಿದೆ, ಮದ್ವೆ ನಿಂದಾ ಅವಳ್ದಾ?" ಎಂದರು.

ಇನ್ನೂ ನೋಡುವುದಿದೆ. ಆದರೂ ಈ ಸಂತೋಷವನ್ನು ನಿಮ್ಮಿಂದ ಇನ್ನೊಂದು ವಾರ ಬಚ್ಚಿಡಲು ನನ್ನಿಂದ ಆಗಲಿಲ್ಲ. ನೀವು ಬೇಕೆಂದ ಸಾಲು ಇದು: ಸ್ವತಂತ್ರವಾದ ಹೊಸ ಕೊಳವೆಯಲ್ಲಿಯೂ ಹಸಿರು ಬೆಳಕು ಕಂಡಿದೆ.

ನಿಮ್ಮ,
ಸಾದಿಯಾ


ಕುಣಿಗಲ್,
೩೦ ಜನವರಿ ೨೦೨೫

ಮಗಳೇ,

ಪುಟ್ಟಲಕ್ಷ್ಮಿಗೆ ಓದಿ ಹೇಳಿದೆ. ಅರ್ಧಕ್ಕೆ ನಿಲ್ಲಿಸಿ ಕಾಗದವನ್ನು ಅವಳ ಕೈಗೆ ಕೊಟ್ಟೆ, ಮಿಕ್ಕದ್ದನ್ನು ಅವಳೇ ಓದಿಕೊಂಡಳು. "ನೋಡಿದ್ರಾ, ನಾನ್ ಪೂಜೆ ಮಾಡಿದ್ದು ಸುಮ್ನೆ ಹೋಗ್ಲಿಲ್ಲ" ಎಂದಳು. ಮೊದಲ ಬಾರಿಗೆ ನಾನು ವಾದ ಮಾಡಲಿಲ್ಲ.

ಸದಾಶಿವಯ್ಯ ಬ್ಯಾನರ್ ಅಚ್ಚಿಗೆ ಕೊಟ್ಟಿದ್ದಾನೆ. ನನ್ನ ಹೆಸರಿನ ಕೆಳಗೆ ನಿನ್ನ ಹೆಸರನ್ನೂ ಹಾಕಿಸಿದ್ದೇನೆ.

ಇಂತಿ,
ಲಕ್ಷ್ಮೀನರಸಿಂಹಯ್ಯ


ಕ್ಯಾತ್ಸಂದ್ರ,
೧೫ ಫೆಬ್ರವರಿ ೨೦೨೫

ಪೂಜ್ಯ ಸರ್,

ಈ ಕಾಗದವನ್ನು ಕೂತುಕೊಂಡು ಓದಿ. ನಾನು ಬರೆದ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ನನ್ನ ಕೊಳವೆಯ ದಿಬ್ಬ ದಿನೇ ದಿನೇ ಇಳಿದು ಹೋಗಿಯೇಬಿಟ್ಟಿತು. ವಿಶ್ರಾಂತಿ ಕೊಟ್ಟೆ, ಹೊಸ ಹೈಡ್ರೋಜನ್ ತುಂಬಿದೆ, ಏನು ಮಾಡಿದರೂ ಬರಲಿಲ್ಲ. ನಿಮ್ಮ ಯಂತ್ರಕ್ಕೆ ಪ್ರತಿ ಶನಿವಾರ ಜೀವ ಬರುತ್ತದೆ, ನನ್ನದಕ್ಕೆ ಏಕೆ ಬರುವುದಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದೆ.

ನಿನ್ನೆ ಮಧ್ಯಾಹ್ನ ತಮ್ಮ ಫೈಜಲ್ ಲ್ಯಾಬಿಗೆ ಬಂದಿದ್ದ. ನಮ್ಮ ಹಾಸಿಗೆ ಅಂಗಡಿಯಲ್ಲಿ ಕಳ್ಳನೋಟು ನೋಡುವ ನೇರಳೆ ದೀಪವಿದೆ, ಅದನ್ನು ರಿಪೇರಿ ಮಾಡಿಸಲು ತಂದಿದ್ದ. ವೈರು ಸರಿ ಮಾಡಿ, ಪರದೆ ಎಳೆದು ಹಚ್ಚಿದೆ. "ಆಪಾ, ನಿನ್ನ ಉಗುರು ನೋಡ್ಕೊ, ಹಸಿರಾಗಿ ಹೊಳೀತಿದೆ" ಎಂದ. ಬೆಳಿಗ್ಗೆ ಬೇಳೆಗೆ ಅರಿಶಿನ ಹಾಕಿದ್ದೆ. ಕೈ ತೊಳೆದಿದ್ದೆ, ಕಣ್ಣಿಗೇನೂ ಕಾಣುತ್ತಿರಲಿಲ್ಲ.

ಕೂಡಲೇ ಆ ದೀಪವನ್ನು ನಿಮ್ಮ ಕೊಳವೆಯ ಕಿಟಕಿ ಗಾಜಿಗೆ ಹಿಡಿದೆ. ಕೊಳವೆಯಲ್ಲಿ ವಿದ್ಯುತ್ ಇಲ್ಲ, ಹೈಡ್ರೋಜನ್ ಇಲ್ಲ. ಗಾಜು ಹಸಿರಾಗಿ ಹೊಳೆಯಿತು. ಸ್ಪೆಕ್ಟ್ರೋಮೀಟರಿಗೆ ತೋರಿಸಿದೆ. ಅದೇ ದಿಬ್ಬ ಸರ್, ಅದೇ ಜಾಗ, ಅದೇ ಅಗಲ.

ಅರಿಶಿನ ನೀರಿಗೆ ಕರಗುವುದಿಲ್ಲ, ಸ್ಪಿರಿಟ್ಟಿಗೆ ಚೆನ್ನಾಗಿ ಕರಗುತ್ತದೆ. ನೀವು ಶನಿವಾರ ಒರೆಸಿದಾಗ ಅದು ಹೋಗುತ್ತಿರಲಿಲ್ಲ, ಕಣ್ಣಿಗೆ ಕಾಣದಷ್ಟು ತೆಳುವಾಗಿ ಇಡೀ ಗಾಜಿಗೆ ಹರಡುತ್ತಿತ್ತು. ಹೈಡ್ರೋಜನ್ನಿನ ನೇರಳೆ ಬೆಳಕು, ಅದರಾಚೆಯ ಕಾಣದ ಬೆಳಕು ಬಿದ್ದಾಗ ಅದು ಹಸಿರಾಗಿ ಹೊಳೆಯುತ್ತಿತ್ತು. ಬೆಳಕು ತಾಗಿ ತಾಗಿ ವಾರವೆಲ್ಲ ಬಣ್ಣ ಕೆಡುತ್ತಾ ಹೋಗಿ, ಶುಕ್ರವಾರ ಮತ್ತೆ ಹೊಸದು ಬೀಳುತ್ತಿತ್ತು. ನನ್ನ ಕೊಳವೆಯಲ್ಲಿ ಕಂಡದ್ದು ಐಮನ್‌ಗೆ ಹಚ್ಚಿದ ಹಳದಿ, ನನ್ನ ಬೆರಳಿನದು. ಖಾತ್ರಿಗೆ ನಿಮ್ಮ ಗಾಜನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಆ ಹತ್ತಿಗೆ ಒಂದು ಹನಿ ಸುಣ್ಣದ ತಿಳಿ ಬಿಟ್ಟೆ. ಆರತಿ ನೀರಿನ ಕೆಂಪು ಮಸುಕಾಗಿ ಬಂತು. ನೀರಿನ ಶಾಖವನ್ನೂ ಲೆಕ್ಕ ಹಾಕಿದೆ. ನೀವು ಕಂಡ ಹೆಚ್ಚಳ ಥರ್ಮಾಮೀಟರಿನ ತಪ್ಪಿನ ಮಿತಿಯೊಳಗೇ ಇದೆ.

ಪೂಜೆಯ ಅರಿಶಿನಕ್ಕೆ ನಾನು ಬೆರಳು ತೋರಿಸಿದರೆ ನಾಳೆ ಯಾರು ಏನೆನ್ನುತ್ತಾರೋ ಎಂಬ ಅಳುಕೂ ಬಂತು. ಅಬ್ಬಾನನ್ನು ಕೇಳಿದೆ. "ನಿನ್ನ ಕೈಗೂ ಅದೇ ಮೆತ್ತಿತ್ತು ಅಂತ ಬರಿ, ಮಿಕ್ಕಿದ್ದು ಮೇಷ್ಟ್ರಿಗೆ ಅರ್ಥ ಆಗುತ್ತೆ" ಎಂದರು. ಬರೆದಿದ್ದೇನೆ.

ಆತುರಪಟ್ಟು ನಿಮಗೆ ಆಸೆ ಹುಟ್ಟಿಸಿದ್ದಕ್ಕೆ ನನ್ನನ್ನು ಕ್ಷಮಿಸಿ.

ಸಾದಿಯಾ


ಕ್ಯಾತ್ಸಂದ್ರ,
೨೪ ಫೆಬ್ರವರಿ ೨೦೨೫

ಪೂಜ್ಯ ಸರ್,

ಉತ್ತರ ಬರಲಿಲ್ಲ. ಕೊಳವೆಯನ್ನು ಕಳಿಸಿಕೊಡು ಎಂದು ಸದಾಶಿವಯ್ಯನವರ ಕಡೆಯಿಂದ ಹೇಳಿಸಿದಿರಿ, ಕಳೆದ ವಾರವೇ ಕಳಿಸಿದ್ದೇನೆ. ಗಾಜಿನ ಒಂದು ಅಂಚನ್ನಷ್ಟೇ ಒರೆಸಿದ್ದೆ, ಉಳಿದದ್ದು ಇದ್ದ ಹಾಗೇ ಇದೆ.

ನಾನು ಬಿ.ಎಸ್ಸಿ. ಮುಗಿಸಿದ ವರ್ಷ ನೀವು ಗುಬ್ಬಿಗೆ ಬಂದು ನಮ್ಮ ಅಂಗಡಿಯಲ್ಲಿ ಹಾಸಿಗೆ ಬಿಚ್ಚಿಸಿ ಹೊಸದಾಗಿ ಹೊಲಿಸಿದಿರಿ. ಹದಿನೈದು ದಿನಕ್ಕೆ ಇನ್ನೊಂದು ತಂದಿರಿ. ಮತ್ತೊಂದು ತಿಂಗಳಿಗೆ ಮೂರನೆಯದು. ಪ್ರತಿ ಸಲ ಅಬ್ಬಾ ಹತ್ತಿ ಹೊಡೆಯುವಾಗ ಪಕ್ಕದಲ್ಲಿ ಕೂತು ನಕ್ಷತ್ರದ ಬೆಳಕಿನಿಂದ ಅದರಲ್ಲಿ ಏನಿದೆ ಎಂದು ಹೇಗೆ ತಿಳಿಯುತ್ತದೆಂದು ಹೇಳುತ್ತಿದ್ದಿರಿ. ನನ್ನ ಎಂ.ಎಸ್ಸಿ. ಮಾತನ್ನು ಒಂದು ಸಲವೂ ಎತ್ತಲಿಲ್ಲ. ಮೂರನೇ ಹಾಸಿಗೆಗೆ ಅಬ್ಬಾ ನಕ್ಕು, "ಸಾರ್, ನಿಮ್ಮನೇಲಿ ಇನ್ನು ಹಾಸಿಗೆ ಇಲ್ಲ ಅಂತ ಗೊತ್ತು. ಓದಿಸ್ತೀನಿ ಬಿಡಿ" ಎಂದರು. ನಾನು ಇವತ್ತು ಏನಾಗಿದ್ದೇನೋ ಅದೆಲ್ಲ ನೀವು ಕೊಟ್ಟದ್ದು. ಆ ಋಣಕ್ಕಾಗಿ 'ಹೌದು' ಎಂದು ಬರೆದುಬಿಡಬಹುದಿತ್ತು. ನೀವು ಕಲಿಸಿದ್ದು ಅದನ್ನಲ್ಲವಲ್ಲ.

ಇಪ್ಪತ್ತೆಂಟಕ್ಕೆ ನಾನು ಸಭೆಗೆ ಬರುತ್ತೇನೆ. ನೀವು ಅದನ್ನು ಹೊಸ ಶಕ್ತಿ ಎಂದರೆ ನಾನು ಎದ್ದು ನಿಂತು ಅಲ್ಲ ಎನ್ನಬೇಕಾಗುತ್ತದೆ. ಆ ಕೆಲಸಕ್ಕೆ ನನ್ನನ್ನು ದೂಡಬೇಡಿ ಸರ್, ಕೈಮುಗಿಯುತ್ತೇನೆ.

ಎಂದೆಂದಿಗೂ ನಿಮ್ಮ ಶಿಷ್ಯೆ,
ಸಾದಿಯಾ


ಕುಣಿಗಲ್,
೩ ಮಾರ್ಚ್ ೨೦೨೫

ಸಾದಿಯಾಗೆ ಪುಟ್ಟಲಕ್ಷ್ಮಮ್ಮ ಮಾಡುವ ಆಶೀರ್ವಾದಗಳು.

ನಾನು ಕಾಗದ ಬರೆದು ಎಷ್ಟು ವರ್ಷ ಆಯಿತೋ, ತಪ್ಪಿದ್ದರೆ ನಗಬೇಡ ಕಣಮ್ಮ. ಇವರು ತುಮಕೂರಿನಿಂದ ಬಂದವರು ಏನೂ ಹೇಳಲಿಲ್ಲ. ಮುದ್ದೆ ಊಟ ಮಾಡಿ ಮಲಗಿದರು. ಕೇಳಿದರೆ "ಚೆನ್ನಾಗಾಯ್ತು ಬುಡು" ಅನ್ನುತ್ತಾರೆ. ಚೆನ್ನಾಗಿ ಆಗಿದ್ದರೆ ಹಾರ ಎಲ್ಲಿ, ಶಾಲು ಎಲ್ಲಿ?

ಅದಕ್ಕೂ ಹಿಂದಿನ ಶುಕ್ರವಾರ ಅರಿಶಿನ ಕುಂಕುಮ ಹಿಡಿದುಕೊಂಡು ಹೋದರೆ ಈ ರೂಮಿಗೆ ಬರಬೇಡ ಎಂದರು. ಒಂಬತ್ತು ವರ್ಷದಲ್ಲಿ ಒಂದು ದಿನ ಹಾಗೆ ಅಂದವರಲ್ಲ. ಗಾಜಿನ ಅಂಗಡಿಯಿಂದ ಹೊಸ ಗಾಜು ತಂದು ಏನೋ ಜೋಡಿಸಿ, ತೆಗೆದು, ಮತ್ತೆ ಜೋಡಿಸಿ ದಿನವೆಲ್ಲ ಒಬ್ಬರೇ ಕೂತಿದ್ದರು. ನನ್ನಿಂದ ಅವರ ಕೆಲಸಕ್ಕೆ ಏನಾದರೂ ಆಯಿತೇನಮ್ಮ? ಆ ಸಭೆಯಲ್ಲಿ ನೀನಿದ್ದೆಯಂತೆ. ಏನಾಯಿತೋ ಹಾಗೇ ಬರಿ. ನನಗೆ ಸುಳ್ಳು ಸಮಾಧಾನ ಬೇಡ.

ನಿನ್ನ ಉಪವಾಸದ ತಿಂಗಳು ಸುಸೂತ್ರವಾಗಿ ನಡೆಯಲಿ.

ಪುಟ್ಟಲಕ್ಷ್ಮಮ್ಮ


ಕ್ಯಾತ್ಸಂದ್ರ,
೮ ಮಾರ್ಚ್ ೨೦೨೫

ಪ್ರೀತಿಯ ಅಮ್ಮ,

ರೋಜಾ ಬಿಡುವ ಹೊತ್ತಿಗೆ ಮುಂಚೆ ಬರೆಯುತ್ತಿದ್ದೇನೆ, ಹಸಿವಿಗೆ ಅಕ್ಷರ ಓರೆಯಾದರೆ ನೀವೂ ನಗಬೇಡಿ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಹಾಲ್ ತುಂಬಿತ್ತು. ಚನ್ನಬಸವಯ್ಯ ಸರ್ ಮುಂದಿನ ಸಾಲಿನಲ್ಲೇ ಇದ್ದರು. ನಾನು ಹಿಂದೆ, ಬಾಗಿಲ ಹತ್ತಿರ ಕೂತಿದ್ದೆ. ಸರ್ ವೇದಿಕೆಗೆ ಹೋಗಿ ಪೀಠಿಕೆ ಏನೂ ಹಾಕದೆ ದೀಪ ಆರಿಸಿ ಎಂದರು. ಕೊಳವೆ ಹಚ್ಚಿದರು. ಅದರ ಬೆಳಕಿನ ಗೆರೆಗಳ ರೋಹಿತವನ್ನು ಪರದೆಯ ಮೇಲೆ ತೋರಿಸಿದರು. "ಇದು ಕೆಂಪು, ಇದು ನೀಲಿ. ಇಲ್ಲಿ ನೋಡಿ, ಈ ಹಸಿರು ದಿಬ್ಬ. ಇದನ್ನ ನಾನು ಒಂಬತ್ತು ವರ್ಷ ಹೊಸ ಶಕ್ತಿ ಅಂದ್ಕೊಂಡಿದ್ದೆ" ಎಂದರು. ಎಲ್ಲರೂ ಕತ್ತು ಉದ್ದ ಮಾಡಿ ನೋಡಿದರು. ಆಮೇಲೆ ಅವರೇ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ತೋರಿಸಿದರು. ಜೇಬಿನಿಂದ ನೋಟು ನೋಡುವ ದೀಪ ತೆಗೆದು ಗಾಜಿಗೆ ಹಿಡಿದರು. ಪರದೆಯ ಮೇಲೆ ಅದೇ ದಿಬ್ಬ ಎದ್ದಿತು.

"ಇದು ಅರಿಶಿನ. ನನ್ನ ವಿದ್ಯಾರ್ಥಿನಿ ಸಾದಿಯಾ ಹೇಳಿದ್ಲು, ನಾನು ನಂಬ್ಲಿಲ್ಲ. ಹೊಸ ಗಾಜು ಹಾಕಿ ನೋಡ್ದೆ, ದಿಬ್ಬ ಇಲ್ಲ. ಹಳೇದು ಹಾಕ್ದೆ, ಬಂತು. ನೀವೂ ನಂಬ್ಬೇಡಿ. ಬಂದು ನೋಡಿ" ಎಂದರು.

ಚನ್ನಬಸವಯ್ಯ ಸರ್ ಜೋರಾಗಿ, "ಅರಿಶಿನ ಹೆಂಗ್ ಬಂತ್ರೀ ಅಲ್ಲಿಗೆ? ಹಚ್ಚಿದ್ದು ಯಾರು?" ಎಂದರು.

ಅಮ್ಮ, ಸರ್ ಕೈಯಲ್ಲಿದ್ದ ದೀಪವನ್ನು ಮೇಜಿನ ಮೇಲಿಟ್ಟು "ನಾನೇ" ಎಂದರು. "ಶುಕ್ರವಾರ ಶುಕ್ರವಾರ ನಾನೇ ಪೂಜೆ ಮಾಡ್ತಿದ್ದೆ" ಎಂದರು. ಹಾಲ್ ಪೂರ್ತಿ ನಕ್ಕಿತು. "ಜೀವಮಾನವೆಲ್ಲ ದೇವ್ರಿಲ್ಲ ಅಂತಿದ್ದೋನು ಮೆಷಿನ್ನಿಗೆ ಅರಿಶಿನ ಹಚ್ಕೊಂಡ್ ಕೂತಿದ್ನಂತೆ ಕಣ್ರಪ್ಪೋ!" ಎಂದು ಚನ್ನಬಸವಯ್ಯ ಸರ್ ಕಣ್ಣೀರು ಬರುವಷ್ಟು ನಕ್ಕರು. ನಮ್ಮ ಸರ್ ಕೂಡ ನಕ್ಕರು. ಅವರು ಬರೆದ ಕಾಗದ ನನ್ನ ಹತ್ತಿರವಿದೆ, ಹಚ್ಚುವವರು ಯಾರೆಂದು ನನಗೆ ಗೊತ್ತಿತ್ತು. ಬೆಳಕಿನ ವಿಷಯದಲ್ಲಿ ಒಂದು ಕೂದಲೆಳೆ ಸುಳ್ಳು ಹೇಳದವರು ನಿಮ್ಮ ಹೆಸರು ಆ ನಗುವಿನ ಮಧ್ಯೆ ಬರಬಾರದೆಂದು ನಾನೂರು ಜನರ ಮುಂದೆ ಸುಳ್ಳು ಹೇಳಿದರು. ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಸದಾಶಿವಯ್ಯನವರು ಎದ್ದು, "ಹಂಗಾರೆ ಬಾಯ್ಲರ್ ಗತಿ ಏನ್ ಸಾರ್?" ಎಂದರು. "ಮಾಡಪ್ಪಾ, ಸೌದೆ ಹಾಕಿ ಉರಿಸು" ಎಂದು ಸರ್ ಕೆಳಗಿಳಿದರು. ಹಾರ ಶಾಲು ಮೇಜಿನ ಮೇಲೇ ಉಳಿದವು, ಹಾಕಬೇಕೋ ಬಾರದೋ ಎಂದು ಯಾರಿಗೂ ತೋಚಲಿಲ್ಲ. ಆದರೆ ಹುಡುಗ ಹುಡುಗಿಯರು ಕೊಳವೆಯ ಸುತ್ತ ಮುತ್ತಿಕೊಂಡು ತಮ್ಮ ತಮ್ಮ ಉಗುರುಗಳನ್ನು ಆ ದೀಪಕ್ಕೆ ಹಿಡಿದು ನೋಡುತ್ತಿದ್ದರು.

ನೀವು ಕೇಳಿದಿರಿ, ಹೇಳಿದೆ. ನಿಮ್ಮಿಂದ ಏನೂ ಕೆಟ್ಟಿಲ್ಲ. ನನ್ನ ಬೆರಳಿನ ಹಳದಿಯೂ ಅದೇ ತಪ್ಪು ಮಾಡಿತು. ನಿಮ್ಮ ಅರಿಶಿನ ಇಲ್ಲದಿದ್ದರೆ ಇವರು ಇಷ್ಟು ವರ್ಷ ಇಷ್ಟು ಉತ್ಸಾಹದಿಂದ ದಿನಾ ಎದ್ದು ಆ ರೂಮಿಗೆ ಹೋಗುತ್ತಿದ್ದರೋ ಇಲ್ಲವೋ, ನನಗೆ ಅನುಮಾನ.

ನಿಮ್ಮ ಮಗಳಂಥವಳು,
ಸಾದಿಯಾ


ಕುಣಿಗಲ್,
೧೫ ಮಾರ್ಚ್ ೨೦೨೫

ಪ್ರಿಯ ಸಾದಿಯಾ,

ನಿನ್ನ ಎರಡು ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಮೊದಲ ಮೂರು ದಿನ ಸಿಟ್ಟಿತ್ತು, ನಿನ್ನ ಮೇಲೆ, ನೋಟಿನ ದೀಪದ ಮೇಲೆ, ಬೇಳೆ ಸಾರಿನ ಮೇಲೆ. ಹೊಸ ಗಾಜು ಹಾಕಿ ನೋಡಿದ ಮೇಲೆ ಸಿಟ್ಟು ಹೋಯಿತು. ಆಮೇಲೆ ಬರೆಯದೆ ಇದ್ದದ್ದು ನಾಚಿಕೆಗೆ. ವೇದಿಕೆಯ ಮೇಲೆ ಹೇಳಿಬಿಡುವುದು ಕಾಗದದಲ್ಲಿ ಬರೆಯುವುದಕ್ಕಿಂತ ಸುಲಭವಾಯಿತು.

ದುಃಖವಿಲ್ಲವೆನ್ನುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕಾಲು ತಾನಾಗಿ ಹಿಂದಿನ ರೂಮಿಗೆ ಹೋಗುತ್ತದೆ, ಹೋಗಿ ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತೇನೆ. ಆದರೂ ಈ ಕಾಗದ ಬರೆಯುತ್ತಿರುವುದು ಥ್ಯಾಂಕ್ಸ್ ಹೇಳುವುದಕ್ಕೆ. ಒಂಬತ್ತು ವರ್ಷದಲ್ಲಿ ಈ ರೂಮಿಗೆ ಎಷ್ಟೋ ಜನ ಬಂದರು. ನಕ್ಕವರು ನಕ್ಕು ಹೋದರು, ಅವರು ಕೊಳವೆಯ ಕಡೆ ನೋಡಲಿಲ್ಲ. ಸದಾಶಿವಯ್ಯನಂಥವರು ಕಾಲಿಗೆ ಬಿದ್ದು ಹೋದರು, ಅವರೂ ನೋಡಲಿಲ್ಲ. ನೀನೊಬ್ಬಳು ನೋಡಿದೆ. ತಿಂಗಳುಗಟ್ಟಲೆ, ನಿನ್ನ ಪಾಠ ಬಿಟ್ಟು, ತಂಗಿಯ ಮದುವೆ ಮನೆಯಿಂದ ಓಡಿಬಂದು, ನಾನು ಹೇಳಿದ್ದು ನಿಜವಿರಬಹುದು ಎಂದುಕೊಂಡು ನೋಡಿದೆ. ತಪ್ಪೆಂದು ತೋರಿಸಿದ್ದಕ್ಕಿಂತ ಹೆಚ್ಚಾಗಿ ಅದಕ್ಕೆ ನಾನು ನಿನಗೆ ಕೃತಜ್ಞ. ನನ್ನನ್ನು ಅಷ್ಟು ಗಂಭೀರವಾಗಿ ಬೇರೆ ಯಾರೂ ತೆಗೆದುಕೊಂಡಿರಲಿಲ್ಲ ಕಣಮ್ಮ.

ನಿನಗೆ ಬೈಯುವುದೂ ಒಂದಿದೆ. ಪುಟ್ಟಲಕ್ಷ್ಮಿಗೆ ಎಲ್ಲ ಬರೆದುಬಿಟ್ಟೆ. ಆ ಕಾಗದ ಬಂದ ದಿನ ಅವಳು ಅದನ್ನು ಓದಿ, ಮಡಿಚಿ, ದೇವರ ಗೂಡಿನಲ್ಲಿಟ್ಟಳು. ನಾನು ಕೇಳುವ ಧೈರ್ಯ ಮಾಡಲಿಲ್ಲ.

ನಿನ್ನೆ ಶುಕ್ರವಾರ. ತಲೆಗೆ ನೀರು ಹಾಕಿಕೊಂಡು ಹಿಂದಿನ ರೂಮಿಗೆ ಬಂದಳು. ಕೈಯಲ್ಲಿ ಅರಿಶಿನದ ಬಟ್ಟಲಿತ್ತು. ಯಂತ್ರದ ಮುಂದೆ ನಿಂತು ಅದನ್ನು ನನ್ನ ಕಡೆ ಚಾಚಿದಳು.

"ಎಲ್ಲಾರ್ ಮುಂದೆ ನಾನೇ ಹಚ್ಚೋದು ಅಂದ್ರಂತೆ. ತಗೊಳಿ, ಹಚ್ಚಿ" ಎಂದಳು.

ಬಾಯಿ ನಗುತ್ತಿತ್ತು, ಕಣ್ಣು ತುಂಬಿತ್ತು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ನಾನು ಆ ಬಟ್ಟಲನ್ನು ಮುಟ್ಟಿದವನಲ್ಲ. ಹಚ್ಚಿದೆ ಕಣಮ್ಮ. ಎಷ್ಟು ಹಚ್ಚಬೇಕೆಂದು ಗೊತ್ತಾಗದೆ ಹೆಚ್ಚಾಗಿಯೇ ಹಚ್ಚಿದೆ. ಅವಳು ಸೆರಗಿನ ತುದಿಯಿಂದ ಒರೆಸಿ ಸರಿಮಾಡಿದಳು.

ನಿನ್ನ ಋಣದಲ್ಲಿರುವ,
ಲಕ್ಷ್ಮೀನರಸಿಂಹಯ್ಯ